ಸುಣ್ಣ ಸುಟ್ಟ ಕಣ್ಣು ಮತ್ತೆ ಚಿಗುರೀತೇ?



ಕೆಟ್ಟುಹೋದ ಅಂಗವನ್ನು ರಿಪೇರಿ ಮಾಡುವ ಹೊಸ ವಿಜ್ಞಾನದ ಬಗ್ಗೆ ಟಿ.ವಿ.ಯಲ್ಲಿ, ಪೇಪರಿನಲ್ಲಿ ಆಗಾಗ ಸುದ್ದಿ ಬರುತ್ತದೆ. ಕೇಳಿದಾಗ ಇದೆಲ್ಲಾ ಅಮೆರಿಕದ ಮಾತು, ದೊಡ್ಡವರ ಮಾತು, ನಮಗೇನು ಸಂಬಂಧ ಅನ್ನಿಸಬಹುದು. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮನೆಮನೆಗೂ ಸಂಬಂಧಪಟ್ಟ ಒಂದು ಅಂಗ ಇದೆ. ಅದು ಕಣ್ಣು. ಆ ಕಣ್ಣನ್ನು ಕೆಡಿಸುವ ಒಂದು ವಸ್ತು ನಮ್ಮ ಜೇಬಿನಲ್ಲೇ ಇದೆ. ಅದು ಸುಣ್ಣ. ಸುಣ್ಣದಿಂದ ಸುಟ್ಟ ಕಣ್ಣನ್ನು ರಿಪೇರಿ ಮಾಡುವ ಒಂದು ಒಳ್ಳೆಯ ವಿಧಾನ ಹುಟ್ಟಿದ್ದು ನಾವು ರೈಲು ಹತ್ತಿ ಹೋಗಿಬರುವ ಹೈದರಾಬಾದಿನಲ್ಲಿ. ಆದ್ದರಿಂದ ಈ ಪಾಠವನ್ನು ಸಂಘದ ಸಭೆಯಲ್ಲಿ ಒಬ್ಬರು ಓದಿರಿ, ಉಳಿದವರು ಕೇಳಿರಿ.

ನಮ್ಮ ಮನೆಯಲ್ಲಿ ಸುಣ್ಣ ಎಲ್ಲೆಲ್ಲಿದೆ?

ಎಲೆ ಅಡಿಕೆ ತಟ್ಟೆಯಲ್ಲಿದೆ. ತಂಬಾಕು ತಿಕ್ಕುವವರ ಜೇಬಿನಲ್ಲಿ ಸಣ್ಣ ಪ್ಲಾಸ್ಟಿಕ್ ಪಾಕೀಟಿನಲ್ಲಿದೆ. ಹಬ್ಬಕ್ಕೆ, ಮದುವೆಗೆ ಗೋಡೆಗೆ ಹಚ್ಚಲು ನೆನೆಹಾಕಿದ ಬಕೀಟಿನಲ್ಲಿದೆ. ದುಡಿಯಲು ಪುಣೆ, ಮುಂಬೈ, ಬೆಂಗಳೂರಿಗೆ ಹೋದವರು ಕಟ್ಟಡದ ಕೆಲಸದಲ್ಲಿ ದಿನಾ ಮುಟ್ಟುವ ಸಿಮೆಂಟಿನಲ್ಲೂ ಇದೇ ಗುಣ ಇದೆ.

ಇವುಗಳಲ್ಲಿ ಮಕ್ಕಳಿಗೆ ಅಪಾಯ ಹೆಚ್ಚಿರುವುದು ಪಾಕೀಟಿನಿಂದ. ಅಜ್ಜ ಬಿಸಾಕಿದ ಪಾಕೀಟನ್ನು ಕೂಸು ಎತ್ತಿಕೊಂಡು ಆಡುತ್ತದೆ. ಕೈಯಲ್ಲಿ ಹಿಚುಕಿದಾಗ ಅದು ಒಡೆದು ಒಳಗಿನ ಸುಣ್ಣ ನೇರ ಕಣ್ಣಿಗೆ ಚಿಮ್ಮುತ್ತದೆ. ಹೀಗೆ ಕಣ್ಣು ಸುಟ್ಟುಕೊಂಡ ಮಕ್ಕಳ ಬಗ್ಗೆ ದೆಹಲಿಯ, ಹೈದರಾಬಾದಿನ ಕಣ್ಣಿನ ವೈದ್ಯರು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಎರಡು ಬೆರಳಿನಷ್ಟು ಪಾಕೀಟು, ಒಂದು ಚಿಮುಕು ಸುಣ್ಣ, ಕೂಸಿಗೆ ಜೀವನಪೂರ್ತಿ ಕತ್ತಲೆ.

ಸುಣ್ಣ ಕಣ್ಣಿಗೆ ಏನು ಮಾಡುತ್ತದೆ?

ಸುಣ್ಣ ಒಂದು ಕ್ಷಾರ. ಆಮ್ಲವೂ ಕಣ್ಣನ್ನು ಸುಡುತ್ತದೆ, ಕ್ಷಾರವೂ ಸುಡುತ್ತದೆ, ಆದರೆ ಸುಡುವ ರೀತಿ ಬೇರೆ. ಬ್ಯಾಟರಿಯ ಆಸಿಡ್ ಬಿದ್ದರೆ ಮೇಲಿನ ಪದರ ಹಾಲು ಒಡೆದಂತೆ ಗಟ್ಟಿಯಾಗುತ್ತದೆ. ಆ ಗಟ್ಟಿ ಪದರವೇ ಆಸಿಡ್ ಒಳಗೆ ಹೋಗದಂತೆ ಸ್ವಲ್ಪ ತಡೆಯುತ್ತದೆ. ಕ್ಷಾರ ಹಾಗಲ್ಲ. ಎಣ್ಣೆಗೆ ಕ್ಷಾರ ಸೇರಿದರೆ ಸಾಬೂನು ಆಗುತ್ತದೆ ಎಂದು ನಮಗೆ ಗೊತ್ತು. ನಮ್ಮ ಮೈಯ ಪ್ರತಿ ಜೀವಕೋಶದ ಹೊರಗೋಡೆಯಲ್ಲೂ ಜಿಡ್ಡಿನ ಅಂಶ ಇದೆ. ಕ್ಷಾರ ಆ ಜಿಡ್ಡನ್ನು ಸಾಬೂನು ಮಾಡಿ ಕರಗಿಸುತ್ತಾ ಒಳಗೊಳಗೇ ಇಳಿಯುತ್ತದೆ. ಅದಲ್ಲದೆ ಸುಣ್ಣದ ಹರಳುಗಳು ಮೇಲಿನ ರೆಪ್ಪೆಯ ಒಳಗೆ ಸಿಕ್ಕಿಕೊಂಡು ಕೂತರೆ, ಹೊರಗೆ ತೊಳೆದರೂ ಒಳಗೆ ಸುಡುವುದು ನಡೆದೇ ಇರುತ್ತದೆ.

ಮೊದಲ ಅರ್ಧ ತಾಸು

ನಮ್ಮ ಕಡೆ ಒಂದು ಮಾತಿದೆ: "ಸುಣ್ಣಕ್ಕ ನೀರು ತಾಕಿದ್ರ ಕುದಿತದ, ಕಣ್ಣಿಗಿ ನೀರು ಹಾಕಬ್ಯಾಡ್ರಿ." ಈ ಮಾತು ಕಣ್ಣು ಕಳೆಯುತ್ತದೆ. ನೀರು ಬಿದ್ದರೆ ಕುದಿಯುವುದು ಸುಟ್ಟ ಕಲ್ಲುಸುಣ್ಣ. ಪಾಕೀಟಿನ ಸುಣ್ಣ, ಬಕೀಟಿನ ಸುಣ್ಣ ಆಗಲೇ ನೀರು ಕುಡಿದು ತಣ್ಣಗಾಗಿರುತ್ತದೆ. ಒಣ ಸುಣ್ಣದ ಪುಡಿಯೇ ಬಿದ್ದಿದ್ದರೂ, ಮುಖದ ಮೇಲಿನ ಪುಡಿಯನ್ನು ಒಣ ಬಟ್ಟೆಯಿಂದ ಕೊಡವಿ, ಕೂಡಲೇ ಧಾರಾಳ ನೀರು ಸುರಿಯಬೇಕು. ಎರಡು ಹನಿ ಚಿಮುಕಿಸಿ ಬಿಟ್ಟರೆ ಪ್ರಯೋಜನ ಇಲ್ಲ. ಕೊಡಗಟ್ಟಲೆ ನೀರು ಬೇಕು.

ಹೀಗೆ ಮಾಡಿರಿ:

1. ಕೂಸನ್ನು ಮಲಗಿಸಿ, ಸುಟ್ಟ ಕಣ್ಣು ಕೆಳಗೆ ಬರುವಂತೆ ತಲೆ ವಾಲಿಸಿರಿ. ಆಗ ನೀರು ಇನ್ನೊಂದು ಕಣ್ಣಿಗೆ ಹರಿಯುವುದಿಲ್ಲ.

2. ಒಬ್ಬರು ತಲೆ ಹಿಡಿದು ರೆಪ್ಪೆ ಅಗಲಿಸಿರಿ. ಕೂಸು ಅತ್ತರೂ, ಕೊಸರಾಡಿದರೂ ಬಿಡಬೇಡಿರಿ.

3. ಇನ್ನೊಬ್ಬರು ತಂಬಿಗೆಯಿಂದ ಕುಡಿಯುವ ನೀರನ್ನು ಸಣ್ಣ ಧಾರೆಯಾಗಿ ಅರ್ಧ ತಾಸು ಸುರಿಯುತ್ತಲೇ ಇರಿ. ನಳ ಇದ್ದರೆ ನಳದ ಕೆಳಗೇ ಹಿಡಿಯಿರಿ.

4. ಬಿಳಿ ಹರಳು ಕಂಡರೆ ಒದ್ದೆ ಮಾಡಿದ ಸ್ವಚ್ಛ ಬಟ್ಟೆಯ ತುದಿಯಿಂದ ಮೆಲ್ಲಗೆ ತೆಗೆಯಿರಿ. ಉಜ್ಜಬೇಡಿರಿ.

5. ಎಣ್ಣೆ, ತುಪ್ಪ, ಎದೆಹಾಲು, ಜೇನು, ನಿಂಬೆರಸ ಯಾವುದೂ ಬೇಡ. ಸುಣ್ಣಕ್ಕೆ ಹುಳಿ ಹಾಕಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿರಿ. ಅದರಿಂದ ಕಣ್ಣು ಇನ್ನಷ್ಟು ಸುಡುತ್ತದೆ.

6. ತೊಳೆದ ಮೇಲೆ ತಾಲೂಕು ಆಸ್ಪತ್ರೆಗೆ ಹೋಗಿರಿ, 108ಕ್ಕೆ ಫೋನ್ ಮಾಡಿರಿ. ದಾರಿಯಲ್ಲೂ ನೀರು ಹಾಕುತ್ತಾ ಇರಿ. ಉಪಯೋಗಿಸಿದ ಪಾಕೀಟನ್ನು ಡಾಕ್ಟರರಿಗೆ ತೋರಿಸಲು ಜೊತೆಗೆ ಒಯ್ಯಿರಿ. ರೆಪ್ಪೆ ಮಗುಚಿ ಒಳಗಿನ ಹರಳು ತೆಗೆಯುವುದು ಡಾಕ್ಟರರ ಕೆಲಸ. ಅದನ್ನು ಮಾಡಿಸದೆ ವಾಪಸು ಬರಬೇಡಿರಿ.

ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿ ಸುಮಾರು ನಲವತ್ತು ಕಿಲೋಮೀಟರು. ಅಫಜಲಪುರದಿಂದ ಇನ್ನೂ ದೂರ. ಹಳ್ಳಿಯಿಂದ ರಸ್ತೆಗೆ ಬರುವ ಹೊತ್ತು ಬೇರೆ. ಅಷ್ಟರಲ್ಲಿ ಸುಣ್ಣ ತನ್ನ ಕೆಲಸ ಮುಗಿಸಿರುತ್ತದೆ. ಆದ್ದರಿಂದ ಮೊದಲ ದವಾಖಾನೆ ನಿಮ್ಮ ಅಂಗಳದ ನೀರಿನ ಕೊಡವೇ. ಹೊಸ ವಿಜ್ಞಾನಕ್ಕೂ ಈ ಕೊಡಕ್ಕೂ ಏನು ಸಂಬಂಧ ಎಂಬುದು ಮುಂದೆ ಗೊತ್ತಾಗುತ್ತದೆ.

ಹೂ ಬಿದ್ದ ಕಣ್ಣು

ಕಣ್ಣಿನ ಕಪ್ಪು ಭಾಗದ ಮೇಲೆ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪದರ ಇದೆ. ಅದನ್ನು ಕಾರ್ನಿಯಾ ಅನ್ನುತ್ತಾರೆ. ಸುಟ್ಟ ಮೇಲೆ ಅದು ಬೆಳ್ಳಗಾಗುತ್ತದೆ. ಅದಕ್ಕೇ ನಾವು ಕಣ್ಣಿಗೆ ಹೂ ಬಿತ್ತು ಅನ್ನುತ್ತೇವೆ. ಒಳಗಿನ ದೀಪ ಸರಿ ಇದ್ದರೂ ಕಿಟಕಿಯ ಗಾಜು ಮಸುಕು.

ಗಾಜು ಬದಲಾಯಿಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ವೈದ್ಯರೂ ಹಾಗೇ ಯೋಚಿಸಿದರು. 1905ರ ಡಿಸೆಂಬರ್ 7ರಂದು, ಇಂದಿನ ಚೆಕ್ ದೇಶದ ಓಲೋಮೌಟ್ಸ್ ಊರಿನಲ್ಲಿ ಡಾ. ಎಡ್ವರ್ಡ್ ಜಿರ್ಮ್ ಎಂಬುವರು ಒಬ್ಬ ಕೂಲಿಕಾರನಿಗೆ ಬೇರೆಯವರ ಕಾರ್ನಿಯಾ ಕೂಡಿಸಿದರು. ಮನುಷ್ಯನಿಂದ ಮನುಷ್ಯನಿಗೆ ಮಾಡಿ ಯಶಸ್ವಿಯಾದ ಮೊದಲ ಕಾರ್ನಿಯಾ ಕಸಿ ಅದು. ಆ ಕೂಲಿಕಾರನ ಎರಡೂ ಕಣ್ಣು ಕೆಟ್ಟಿದ್ದು ಯಾವುದರಿಂದ ಗೊತ್ತೇ? ಸುಣ್ಣದಿಂದಲೇ. ಎರಡು ಕಣ್ಣಿಗೆ ಮಾಡಿದ ಕಸಿಯಲ್ಲಿ ಒಂದು ಮಾತ್ರ ನಿಂತಿತು. ಅವನು ಮತ್ತೆ ದುಡಿಮೆಗೆ ಹೋದ.

ಒಂದು ನಿಂತು ಒಂದು ಕೆಟ್ಟಂಥ ಇಂಥ ಅನುಭವ ಮುಂದೆಯೂ ಬಹಳ ವೈದ್ಯರಿಗೆ ಆಯಿತು. ತೀವ್ರವಾಗಿ ಸುಟ್ಟ ಕಣ್ಣಿಗೆ ಒಳ್ಳೆಯ ಕಾರ್ನಿಯಾ ಕೂಡಿಸಿದರೂ ಕೆಲವು ತಿಂಗಳಲ್ಲಿ ಅದೂ ಬೆಳ್ಳಗಾಗುತ್ತಿತ್ತು. ಕಾರಣ ತಿಳಿಯಲು ಬಹಳ ವರ್ಷ ಬೇಕಾಯಿತು.

ಕಾರಣ ಇದು. ಕಾರ್ನಿಯಾದ ಮೇಲಿನ ತೆಳು ಚರ್ಮ ದಿನಾ ಸವೆಯುತ್ತದೆ, ದಿನಾ ಹೊಸದಾಗಿ ಬೆಳೆಯುತ್ತದೆ. ಹೊಸ ಚರ್ಮಕ್ಕೆ ಬೀಜ ಒದಗಿಸುವ ಜೀವಕೋಶಗಳು ಇರುವುದು ಕಣ್ಣಿನ ಕಪ್ಪು ಮತ್ತು ಬಿಳುಪು ಕೂಡುವ ಅಂಚಿನಲ್ಲಿ. ಇಂಥ ಬೀಜದ ಕೋಶಗಳಿಗೆ ಡಾಕ್ಟರರು ಸ್ಟೆಮ್ ಸೆಲ್ ಅನ್ನುತ್ತಾರೆ, ಕನ್ನಡದಲ್ಲಿ ಕಾಂಡಕೋಶ. ಆ ಅಂಚು ಹೊಲದ ಒಡ್ಡಿನ ಕೆಲಸವನ್ನೂ ಮಾಡುತ್ತದೆ. ಬಿಳಿ ಭಾಗದ ಪೊರೆ, ರಕ್ತನಾಳ ಕಪ್ಪು ಭಾಗಕ್ಕೆ ನುಗ್ಗದಂತೆ ತಡೆಯುತ್ತದೆ. ಸುಣ್ಣ ಈ ಅಂಚನ್ನು ಸುಟ್ಟರೆ ಬೀಜವೂ ಹೋಯಿತು, ಒಡ್ಡೂ ಒಡೆಯಿತು. ಆಮೇಲೆ ಎಷ್ಟು ಸಲ ಗಾಜು ಬದಲಾಯಿಸಿದರೂ ಪೊರೆ ಹಬ್ಬುವುದು ತಪ್ಪುವುದಿಲ್ಲ.

ಈಗ ನೀರಿನ ಕೊಡದ ಮಾತು ಅರ್ಥವಾಗುತ್ತದೆ. ಮೊದಲ ಅರ್ಧ ತಾಸಿನಲ್ಲಿ ನೀರು ಉಳಿಸುವುದು ಈ ಅಂಚಿನ ಬೀಜವನ್ನು. ಅಂಚು ಸ್ವಲ್ಪ ಉಳಿದರೂ ಕಣ್ಣು ತಾನೇ ಚೇತರಿಸಿಕೊಳ್ಳುವ ದಾರಿ ಇದೆ. ಪೂರ್ತಿ ಸುಟ್ಟರೆ ಬೀಜವನ್ನು ಬೇರೆ ಕಡೆಯಿಂದ ತರಬೇಕು.

ಕಬ್ಬಿನ ಕಣ್ಣಿನ ಹಾಗೆ

ಬೀಜ ಎಲ್ಲಿಂದ ತರುವುದು? ಒಂದು ಕಣ್ಣು ಸುಟ್ಟವರಿಗೆ ತಮ್ಮದೇ ಇನ್ನೊಂದು ಒಳ್ಳೆಯ ಕಣ್ಣು ಇದೆ. 1989ರಲ್ಲಿ ಅಮೆರಿಕದ ವೈದ್ಯರಾದ ಕೆನ್ಯನ್ ಮತ್ತು ತ್ಸೆಂಗ್ ಒಳ್ಳೆಯ ಕಣ್ಣಿನ ಅಂಚಿನಿಂದ ಪಟ್ಟಿ ತೆಗೆದು ಸುಟ್ಟ ಕಣ್ಣಿಗೆ ಕೂಡಿಸಿದ್ದನ್ನು ವರದಿ ಮಾಡಿದರು. ಕೆಲಸ ಆಯಿತು. ಆದರೆ ದೊಡ್ಡ ಪಟ್ಟಿ ತೆಗೆದರೆ ಒಳ್ಳೆಯ ಕಣ್ಣಿಗೇ ಕುತ್ತು ಬಂದರೆ ಎಂಬ ಭಯ ಇತ್ತು. 1997ರಲ್ಲಿ ಇಟಲಿಯ ಪೆಲ್ಲೆಗ್ರಿನಿ ಮತ್ತು ಜೊತೆಗಾರರು ಸಣ್ಣ ಚೂರನ್ನು ತೆಗೆದು ಪ್ರಯೋಗಶಾಲೆಯಲ್ಲಿ ಬೆಳೆಸಿ, ಹಾಳೆಯಂತೆ ಮಾಡಿ ಇಬ್ಬರಿಗೆ ಕೂಡಿಸಿದರು.

ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಡಾ. ವೀರೇಂದ್ರ ಸಾಂಗ್ವಾನ್, ಡಾ. ಗೀತಾ ವೇಮುಗಂಟಿ, ವಿಜ್ಞಾನಿ ಡಿ. ಬಾಲಸುಬ್ರಮಣಿಯನ್ ಮೊದಲಾದವರು 2001ರಿಂದ ಈ ಕೆಲಸ ಮಾಡಿದರು. ಚೂರನ್ನು ಬೆಳೆಸಲು ಅವರು ಬಳಸಿದ ಹಾಸಿಗೆ ಯಾವುದೆಂದರೆ, ಹೆರಿಗೆಯಾದ ಮೇಲೆ ನಾವು ಹೂಳಿಬಿಡುವ ಮಾಸಿನ ತೆಳು ಪೊರೆ! ತಾಯಿಯ ಒಪ್ಪಿಗೆ ಪಡೆದು, ಆಕೆಗೆ ಎಚ್.ಐ.ವಿ., ಕಾಮಾಲೆಯಂಥ ಸೋಂಕು ಇಲ್ಲವೆಂದು ರಕ್ತ ಪರೀಕ್ಷೆ ಮಾಡಿ, ಈ ಪೊರೆಯನ್ನು ಶುದ್ಧಮಾಡಿ ಕಾದಿಡುತ್ತಾರೆ. ಉರಿ ತಣಿಸುವ, ಗಾಯ ಮಾಯಿಸುವ ಗುಣ ಅದಕ್ಕಿದೆ. ಈ ಚಿಕಿತ್ಸೆಯಲ್ಲಿ ಭ್ರೂಣವನ್ನು ಕೆಡಿಸುವ ಮಾತೇ ಇಲ್ಲ. ಬೀಜ ರೋಗಿಯದೇ, ಹಾಸಿಗೆ ಒಬ್ಬ ತಾಯಿ ಮನಸ್ಸಿನಿಂದ ಕೊಟ್ಟದ್ದು. 10 ವರ್ಷದಲ್ಲಿ ಹೀಗೆ ಚಿಕಿತ್ಸೆ ಪಡೆದ 200 ಜನರ ಲೆಕ್ಕವನ್ನು 2011ರಲ್ಲಿ ಪ್ರಕಟಿಸಿದಾಗ ನೂರಕ್ಕೆ 71 ಜನರಲ್ಲಿ ಅದು ನಿಂತಿತ್ತು.

ಆದರೆ ಪ್ರಯೋಗಶಾಲೆಯಲ್ಲಿ ಬೆಳೆಸಲು ಎರಡು ವಾರದಷ್ಟು ಸಮಯ, ದುಬಾರಿ ಯಂತ್ರ, ತರಬೇತಿ ಪಡೆದ ಜನ ಬೇಕು. ಬಡವರಿಗೆ ಎಟುಕುವಂತೆ ಮಾಡಲು 2012ರಲ್ಲಿ ಇದೇ ತಂಡ ಇನ್ನೂ ಸರಳವಾದ ದಾರಿಯನ್ನು ಮುಂದಿಟ್ಟಿತು. ಇದಕ್ಕೆ ಸ್ಲೆಟ್ ಎಂಬ ಹೆಸರು. ಪ್ರಯೋಗಶಾಲೆಯೇ ಬೇಡ, ಬೀಜವನ್ನು ಕಣ್ಣಿನ ಮೇಲೆಯೇ ಬೆಳೆಸೋಣ ಎಂಬುದು ಇದರ ತಿರುಳು.

ಅಫಜಲಪುರದ ಕಡೆ ಕಬ್ಬು ಹಚ್ಚುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬೀಜದ ಕಬ್ಬನ್ನು ನಾವು ತುಂಡು ತುಂಡು ಮಾಡಿ ಸಾಲಿನಲ್ಲಿ ಇಡುತ್ತೇವೆ. ಪ್ರತಿ ತುಂಡಿನ ಗೆಣ್ಣಿನಲ್ಲಿ ಒಂದು ಕಣ್ಣು ಇರುತ್ತದೆ, ಆ ಕಣ್ಣು ಒಡೆದು ಮೊಳಕೆ ಬರುತ್ತದೆ, ಹೊಲ ತುಂಬುತ್ತದೆ. ಸ್ಲೆಟ್‌ನಲ್ಲೂ ಹೀಗೆಯೇ. ಒಳ್ಳೆಯ ಕಣ್ಣಿನ ಅಂಚಿನಿಂದ ಉದ್ದ ಅಗಲ ಎರಡೆರಡು ಮಿಲಿಮೀಟರಿನ ಚೂರು ತೆಗೆಯುತ್ತಾರೆ. ಒಂದು ಜೋಳದ ಕಾಳಿಗಿಂತ ಸಣ್ಣದು. ಸುಟ್ಟ ಕಣ್ಣಿನ ಮೇಲೆ ಹಬ್ಬಿದ ಪೊರೆಯನ್ನು ಕಳೆ ತೆಗೆದಂತೆ ಬಿಡಿಸುತ್ತಾರೆ. ಅಲ್ಲಿ ಮಾಸಿನ ಪೊರೆ ಹಾಸಿ ಅಂಟಿಸುತ್ತಾರೆ. ಚೂರನ್ನು ಎಂಟು ಹತ್ತು ತುಂಡು ಮಾಡಿ, ನಡುವಿನ ನೋಟದ ಜಾಗ ಬಿಟ್ಟು, ಸುತ್ತಲೂ ನಾಟಿ ಮಾಡುತ್ತಾರೆ. ಮೇಲೆ ಒಂದು ಮೆತ್ತನೆಯ ಲೆನ್ಸ್ ಮುಚ್ಚುತ್ತಾರೆ. ತುಂಡುಗಳಿಂದ ಕೋಶಗಳು ಹಬ್ಬಿ ಸುಮಾರು ಎರಡು ವಾರದಲ್ಲಿ ಹೊಸ ಮೇಲ್ಪದರ ಕೂಡುತ್ತದೆ. ಚೂರು ಕೊಟ್ಟ ಕಣ್ಣು ಮಾಯುತ್ತದೆ, ಅದರ ನೋಟಕ್ಕೆ ಧಕ್ಕೆ ಇಲ್ಲ.

ಎಷ್ಟು ಜನರಿಗೆ ಗುಣ?

2012ರ ಮೊದಲ ವರದಿ ಆರು ಜನರದು. 2016ರಲ್ಲಿ ಅದೇ ಸಂಸ್ಥೆಯ ಡಾ. ಸಯನ್ ಬಸು ಮತ್ತು ಜೊತೆಗಾರರು 125 ಜನರ ಲೆಕ್ಕ ಕೊಟ್ಟರು. ಅವರಲ್ಲಿ 60 ಜನ ಮಕ್ಕಳು. 125ರಲ್ಲಿ 95 ಜನರಿಗೆ, ಅಂದರೆ ನೂರಕ್ಕೆ 76 ಜನರಿಗೆ ಹೊಸ ಪದರ ನಿಂತಿತ್ತು. ಇಂದು ಈ ವಿಧಾನವನ್ನು ಬೇರೆ ದೇಶಗಳ ವೈದ್ಯರೂ ಮಾಡುತ್ತಾರೆ.

ಇದು ಮಂತ್ರವಲ್ಲ, ಮಿತಿಯೂ ಇದೆ. ನೂರಕ್ಕೆ 24 ಜನರಲ್ಲಿ ನಿಲ್ಲಲಿಲ್ಲ ಎಂಬುದನ್ನೂ ನೆನಪಿಡಿರಿ. ಸುಟ್ಟ ಕೂಡಲೇ ಇದನ್ನು ಮಾಡುವುದಿಲ್ಲ. ಕಣ್ಣಿನ ಉರಿ, ಕೆಂಪು ಇಳಿಯಲು ತಿಂಗಳುಗಟ್ಟಲೆ ಕಾಯಬೇಕು. ರೆಪ್ಪೆ ಅಂಟಿದ್ದರೆ, ಕಣ್ಣು ಒಣಗಿದ್ದರೆ ಮೊದಲು ಅದನ್ನು ಸರಿಮಾಡಬೇಕು. ಕೆಲವರಿಗೆ ಆಮೇಲೆ ದಾನದ ಕಾರ್ನಿಯಾ ಕೂಡಿಸಬೇಕಾಗುತ್ತದೆ, ಆದರೆ ಈಗ ಅದು ನಿಲ್ಲುವ ಸಂಭವ ಹೆಚ್ಚು. ಎರಡೂ ಕಣ್ಣು ಸುಟ್ಟಿದ್ದರೆ ಸ್ವಂತ ಬೀಜ ಇರುವುದಿಲ್ಲ. ಸಂಬಂಧಿಕರಿಂದ ಇಲ್ಲವೇ ತೀರಿಹೋದವರಿಂದ ಪಡೆದು, ದೇಹ ಅದನ್ನು ತಿರಸ್ಕರಿಸದಂತೆ ಔಷಧಿ ತೆಗೆದುಕೊಳ್ಳಬೇಕು. ಕೂಸಿನ ಕಣ್ಣು ಬಹಳ ವರ್ಷ ಮುಚ್ಚಿದ್ದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನೇ ಕಲಿತಿರುವುದಿಲ್ಲ. ಆದ್ದರಿಂದ ಮಕ್ಕಳ ವಿಷಯದಲ್ಲಿ ತಡಮಾಡಬಾರದು.

ನಮ್ಮ ಊರುಗಳಲ್ಲಿ ಹೂ ಬಿದ್ದ ಕಣ್ಣು ಇಟ್ಟುಕೊಂಡು "ನನ್ನ ಹಣೆಬರ ಇಷ್ಟೇ ಅದ" ಎಂದು ಸುಮ್ಮನೆ ಕೂತವರು ಇದ್ದಾರೆ. ಅವರಿಗೆ ಹೇಳಿರಿ: ಹಣೆಬರಹ ಅನ್ನುವ ಮೊದಲು ಒಂದು ಸಲ ಕಾರ್ನಿಯಾ ತಜ್ಞರಿಗೆ ತೋರಿಸಿ. ಕಲಬುರಗಿಯ ಆಸ್ಪತ್ರೆಯಿಂದ ಚೀಟಿ ಬರೆಸಿಕೊಳ್ಳಿ. ಎಲ್.ವಿ. ಪ್ರಸಾದ್ ಸಂಸ್ಥೆ ಬಡವರಿಗೆ ಖರ್ಚಿಲ್ಲದೆ ಚಿಕಿತ್ಸೆ ಕೊಡುತ್ತಾ ಬಂದಿದೆ. ಹೋಗುವಾಗ ಪಡಿತರ ಚೀಟಿ, ಆಧಾರ್, ಹಳೆಯ ಚಿಕಿತ್ಸೆಯ ಕಾಗದ ಮರೆಯಬೇಡಿ.

ಹೊಲ ಮಾರುವ ಮೊದಲು ಕೇಳಿರಿ

ಬೀಜದ ಕೋಶದ ವಿಜ್ಞಾನ ಕಣ್ಣಿಗೆ ಮಾತ್ರ ನಿಂತಿಲ್ಲ. 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಮನುಷ್ಯನ ಚರ್ಮದ ಕೋಶ ಬೆಳೆಸುವ ವಿಧಾನ ಕಂಡುಹಿಡಿದರು. 1983ರಲ್ಲಿ ಮೈಯೆಲ್ಲಾ ಸುಟ್ಟ ಇಬ್ಬರು ಬಾಲಕರನ್ನು ಅದರಿಂದ ಉಳಿಸಿದರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮ ಬ್ಯಾಂಕ್ ಶುರುವಾಯಿತು. ಹೈದರಾಬಾದಿನಲ್ಲಿ ಎಲ್.ವಿ. ಪ್ರಸಾದ್ ಸಂಸ್ಥೆ, ಐ.ಐ.ಟಿ. ಮತ್ತು ಸಿ.ಸಿ.ಎಂ.ಬಿ. ಸೇರಿ, ಯಂತ್ರದಿಂದ ಪದರ ಪದರವಾಗಿ ಅಚ್ಚುಹಾಕಿದ ಕಾರ್ನಿಯಾವನ್ನು ಮೊಲದ ಕಣ್ಣಿಗೆ ಕೂಡಿಸಿದ್ದಾಗಿ 2022ರಲ್ಲಿ ತಿಳಿಸಿದವು. ಮೊಲದಲ್ಲಿ ಆದದ್ದು ಮನುಷ್ಯನಿಗೆ ಬರಲು ಬಹಳ ಪರೀಕ್ಷೆ ಆಗಬೇಕು.

ಈ ಅಂತರವನ್ನೇ ಕೆಲವರು ವ್ಯಾಪಾರ ಮಾಡಿಕೊಂಡಿದ್ದಾರೆ. ಸಕ್ಕರೆ ಕಾಯಿಲೆ, ಲಕ್ವ, ಕಿಡ್ನಿ, ಬುದ್ಧಿಮಾಂದ್ಯ ಎಲ್ಲಕ್ಕೂ ಸ್ಟೆಮ್ ಸೆಲ್ ಇಂಜೆಕ್ಷನ್ ಎಂದು ಲಕ್ಷಗಟ್ಟಲೆ ಕೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ, ರಕ್ತದ ರೋಗಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ನೋಂದಣಿಯಾದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ಅಂಥ ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹಾಗಾದರೆ ಸ್ಲೆಟ್? ಅದು ತೊಡೆಯ ಚರ್ಮ ತೆಗೆದು ಸುಟ್ಟ ಕೈಗೆ ಕೂಡಿಸಿದ ಹಾಗೆ, ತಮ್ಮದೇ ಚೂರನ್ನು ಬದಲಿಸದೆ ಬೇರೆ ಜಾಗಕ್ಕೆ ಇಡುವ ಶಸ್ತ್ರಚಿಕಿತ್ಸೆ. ವ್ಯತ್ಯಾಸ ತಿಳಿಯಿರಿ. ಯಾರಾದರೂ ನೂರಕ್ಕೆ ನೂರು ಗುಣ ಎಂದರೆ, ಮುಂಗಡ ಕೇಳಿದರೆ, ಹೊಲಕ್ಕೆ ಗಿರಾಕಿ ಹುಡುಕುವ ಮೊದಲು ಸರ್ಕಾರಿ ವೈದ್ಯರನ್ನು ಕೇಳಿರಿ.

ಕೊಟ್ಟರೆ ಮಾತ್ರ ಉಂಟು

2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜಕುಮಾರ್ ತೀರಿಕೊಂಡಾಗ, ತಂದೆ ಡಾ. ರಾಜಕುಮಾರ್ ಅವರಂತೆ ಅವರ ಕಣ್ಣುಗಳನ್ನೂ ದಾನ ಮಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಕಾರ್ನಿಯಾದ ಮುಂದಿನ ಪದರ, ಹಿಂದಿನ ಪದರ ಬೇರೆ ಮಾಡಿ ಎರಡು ಕಣ್ಣಿನಿಂದ ನಾಲ್ಕು ಜನರಿಗೆ ಬೆಳಕು ಕೊಟ್ಟರು. ಉಳಿದ ಅಂಚನ್ನು ಕೂಡ ಬೀಜದ ಕೋಶಗಳ ಸಂಶೋಧನೆಗೆ ಪ್ರಯೋಗಶಾಲೆಗೆ ಕಳುಹಿಸಿದ್ದಾಗಿ ಹೇಳಿದರು. ಸುಣ್ಣ ಸುಡುವುದೂ ಅದೇ ಅಂಚನ್ನೇ.

ಯಂತ್ರ ಎಷ್ಟೇ ಬಂದರೂ ಕಾರ್ನಿಯಾ ಇವತ್ತಿಗೂ ಮನುಷ್ಯರು ಕೊಟ್ಟರೆ ಮಾತ್ರ ಉಂಟು. ತೀರಿಕೊಂಡ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆದಿಂಬು ಎತ್ತರಿಸಿ, ಹತ್ತಿರದ ನೇತ್ರ ಬ್ಯಾಂಕಿಗೆ ತಿಳಿಸಬೇಕು. ಚಷ್ಮಾ ಹಾಕುವವರು, ಸಕ್ಕರೆ ಕಾಯಿಲೆಯವರು, ಮುದುಕರೂ ಕೊಡಬಹುದು. ಮುಖ ಕುರೂಪ ಆಗುವುದಿಲ್ಲ.

ಸಂಘದ ಕೆಲಸ

ಸುಣ್ಣದ ಪಾಕೀಟನ್ನು ಮಕ್ಕಳ ಕೈಗೆ ಎಟುಕದಂತೆ ಇಡುವುದು, ಖಾಲಿ ಪಾಕೀಟು ಅಂಗಳಕ್ಕೆ ಎಸೆಯದಿರುವುದು, ಸುಣ್ಣ ಹಚ್ಚುವಾಗ ಚಷ್ಮಾ ಹಾಕುವುದು ಇವತ್ತೇ ಶುರುವಾಗಲಿ. ತಂಬಾಕು ಬಿಟ್ಟರೆ ಇನ್ನೂ ಒಳ್ಳೆಯದು, ಬಾಯಿಯೂ ಉಳಿಯುತ್ತದೆ, ಕೂಸಿನ ಕಣ್ಣೂ ಉಳಿಯುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಸುಣ್ಣ ಬಿದ್ದ ಕಣ್ಣಿಗೆ ನಮ್ಮ ಊರಿನಲ್ಲಿ ಏನೇನು ಹಾಕುತ್ತಾರೆ? ಅದರಲ್ಲಿ ಯಾವುದನ್ನು ಬಿಡಬೇಕು?

2. ಬರೀ ಕಾರ್ನಿಯಾ ಬದಲಾಯಿಸಿದರೆ ಸುಟ್ಟ ಕಣ್ಣು ಏಕೆ ಉಳಿಯುವುದಿಲ್ಲ? ಹೊಲದ ಒಡ್ಡಿನ ಉದಾಹರಣೆ ಕೊಟ್ಟು ಒಬ್ಬರು ವಿವರಿಸಿರಿ.

3. ನಮ್ಮ ಊರಿನಲ್ಲಿ ಹೂ ಬಿದ್ದ ಕಣ್ಣಿನವರು ಯಾರಿದ್ದಾರೆ? ಅವರನ್ನು ತೋರಿಸಲು ಯಾರು ಜೊತೆಗೆ ಹೋಗುತ್ತೀರಿ? ಹೆಸರು, ದಿನ ಇಂದೇ ಸಭೆಯ ಪುಸ್ತಕದಲ್ಲಿ ಬರೆಯಿರಿ.